ಸಹಾಯ ಬೇಕು: ದಾಸವಾಳದ ಹಿಟ್ಟು ತಿಗಣೆ ಹೋಗ್ತಾನೇ ಇಲ್ಲ

ಎಲ್ಲರಿಗೂ ನಮಸ್ಕಾರ. ತಾರಸಿಯ ಕುಂಡದಲ್ಲಿರುವ ನಮ್ಮ ಕೆಂಪು ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿದೆ. ಚಿಗುರಿನ ಸಂದಿಯಲ್ಲಿ, ಮೊಗ್ಗಿನ ಬುಡದಲ್ಲಿ ಹತ್ತಿಯಂತೆ ಬೆಳ್ಳಗೆ ಮೆತ್ತಿಕೊಂಡಿದೆ. ಚಿಗುರು ಮುರುಟಿಕೊಂಡು, ಮೊಗ್ಗು ಅರಳುವ ಮೊದಲೇ ಉದುರುತ್ತಿದೆ. ಎಲೆಯೆಲ್ಲ ಅಂಟು, ಅದರ ಮೇಲೆ ಕಪ್ಪು ಬೂಷ್ಟು. ನೋಡಿದರೆ ಸಂಕಟ ಆಗುತ್ತದೆ.

ಜೋರಾಗಿ ನೀರು ಹೊಡೆದು ತೊಳೆದೆ. ಜಾಸ್ತಿ ಹತ್ತಿದ್ದ ಕೊಂಬೆಗಳನ್ನು ಕತ್ತರಿಸಿ, ಕವರಿನಲ್ಲಿ ಕಟ್ಟಿ ಬಿಸಾಡಿದೆ. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ವಾರಕ್ಕೊಮ್ಮೆ ಸಂಜೆ ಹೊತ್ತು ಎಲೆಯ ಅಡಿಗೂ ಸಿಂಪಡಿಸುತ್ತಿದ್ದೇನೆ. ಆಗ ಕಡಿಮೆಯಾಗುತ್ತದೆ. ಹೊಸ ಚಿಗುರು ಬಂದ ಕೂಡಲೇ ಮತ್ತೆ ಶುರು.

ನನಗೆ ಅನುಮಾನ ಇರುವೆಗಳ ಮೇಲೆ. ತಿಗಣೆ ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತದೆ, ತಿಗಣೆ ತಿನ್ನುವ ಗುಲಗಂಜಿ ಹುಳುಗಳನ್ನೂ ಓಡಿಸುತ್ತದೆ ಅಲ್ವಾ? ಇಲ್ಲಿ ಕುಂಡದ ಮಣ್ಣಲ್ಲೇ ಇರುವೆ ಗೂಡಿದೆ. ಹೂವು ದೇವರಿಗೆ ಏರಿಸುತ್ತೇವೆ, ಪಕ್ಕದಲ್ಲೇ ತುಳಸಿ, ಕರಿಬೇವು ಇದೆ. ಹಾಗಾಗಿ ವಿಷದ ಔಷಧಿ ಹೊಡೆಯಲು ಮನಸ್ಸಿಲ್ಲ.

ಕುಂಡದ ಮಣ್ಣು ಪೂರ್ತಿ ಬದಲಿಸಿ ಮೊದಲು ಇರುವೆ ಗೂಡು ತೆಗೆಯಬೇಕಾ, ಅಥವಾ ಬೇವಿನೆಣ್ಣೆಯನ್ನೇ ಮುಂದುವರಿಸಿದರೆ ಸಾಕಾ? ವಿಷ ಹಾಕದೆ ಇರುವೆ ಗಿಡ ಹತ್ತದಂತೆ ತಡೆದವರು ಏನು ಮಾಡಿದಿರಿ, ದಯವಿಟ್ಟು ತಿಳಿಸಿ.