ಸಹಾಯ ಬೇಕು: ಪುಣೆಯಲ್ಲಿ ಪ್ಲೆಥಿಸ್ಮೋಮೀಟರ್ (ಇಲಿಯ ಪಾದದ ಊತ ಅಳೆಯುವ ಯಂತ್ರ) ಎಲ್ಲಿ ಸಿಗಬಹುದು?

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು, ಪುಣೆಯಲ್ಲಿ ಎಂ.ಫಾರ್ಮ್ ಎರಡನೇ ವರ್ಷ. ಪ್ರಾಜೆಕ್ಟಿಗೆ ಲಕ್ಕಿ ಸೊಪ್ಪು ತೆಗೆದುಕೊಂಡಿದ್ದೇನೆ; ಅದು ನೋವು, ಊತ ಕಡಿಮೆ ಮಾಡುತ್ತಾ ಅಂತ ಇಲಿಗಳಲ್ಲಿ ನೋಡಬೇಕು. ಇಲ್ಲಿಯವರು ನಿರ್ಗುಂಡಿ ಅನ್ನುತ್ತಾರೆ. ಅಜ್ಜಿ ಬಾಣಂತಿಯ ಸ್ನಾನದ ನೀರಿಗೆ ಹಾಕಿ ಕುದಿಸುತ್ತಿದ್ದರಲ್ಲ, ಅದೇ.

ಎಥಿಕ್ಸ್ ಸಮಿತಿಯ ಒಪ್ಪಿಗೆ ಸಿಕ್ಕಿದೆ. ಸುರಕ್ಷತೆಯ ಪರೀಕ್ಷೆ ನಡೀತಾ ಇದೆ. ಓಇಸಿಡಿ 423 (ವಿಷದ ಪರೀಕ್ಷೆಯ ಅಂತರರಾಷ್ಟ್ರೀಯ ಮಾರ್ಗಸೂಚಿ) ಪ್ರಕಾರ ಒಂದು ಸಲಕ್ಕೆ ಮೂರು ಇಲಿ, ಇಲಿಯ ತೂಕದ ಕೆಜಿಗೆ ಗರಿಷ್ಠ 2000 ಮಿಗ್ರಾಂ ಸಾರ, ಆಮೇಲೆ 14 ದಿನ ಕಾಯಬೇಕು. "ಸೊಪ್ಪು ತಾನೆ, ಏನಾಗುತ್ತೆ?" ಅಂತ ರೂಮ್‌ಮೇಟ್ ನಗುತ್ತಾಳೆ. ಉಮ್ಮತ್ತಿಯೂ ಗಿಡವೇ ಅಲ್ವಾ!

ನೋವಿನ ಪರೀಕ್ಷೆಗೆ ಹಾಟ್ ಪ್ಲೇಟ್ ಇದೆ. ತೊಂದರೆ ಇರುವುದು ಊತದ ಪರೀಕ್ಷೆಯಲ್ಲಿ. ಇಲಿಯ ಪಾದಕ್ಕೆ ಊತ ಬರಿಸುವ ಕ್ಯಾರಜೀನನ್ ಚುಚ್ಚಿ, ಊತ ಎಷ್ಟಾಯಿತು ಅಂತ ಗಂಟೆಗೊಮ್ಮೆ ಅಳೆಯಬೇಕು. ಒಂದು ಗುಂಪಿಗೆ ಸೊಪ್ಪಿನ ಸಾರ, ಒಂದಕ್ಕೆ ಡೈಕ್ಲೋಫೆನಾಕ್ (ನೋವು, ಊತದ ಔಷಧಿ), ಇನ್ನೊಂದಕ್ಕೆ ಯಾವ ಔಷಧಿಯೂ ಇಲ್ಲ. ನಮ್ಮ ಲ್ಯಾಬಿನ ಪ್ಲೆಥಿಸ್ಮೋಮೀಟರ್ ಕೆಟ್ಟು ಎರಡು ತಿಂಗಳಾಯಿತು. ರಿಪೇರಿಯವರು "ನಾಳೆ" ಅಂತಲೇ ಇದ್ದಾರೆ.

ಪುಣೆ, ಪಿಂಪ್ರಿ ಕಡೆ ಫಾರ್ಮಸಿ ಕಾಲೇಜಿನಲ್ಲಿರುವ ಕನ್ನಡದವರು ಯಾರಾದರೂ ಇದ್ದೀರಾ? ನಿಮ್ಮಲ್ಲಿ ಆ ಯಂತ್ರ ಇದ್ದರೆ ಯಾರನ್ನು ಕೇಳಬೇಕು ಅಂತ ಹೇಳಿ, ಪತ್ರ ನಮ್ಮ ಗೈಡ್ ಕೊಡುತ್ತಾರೆ. ಆದರೆ ಇಲಿಗಳನ್ನು ನಿಮ್ಮಲ್ಲಿಗೆ ತರುವುದಾದರೆ ಎಥಿಕ್ಸ್ ಒಪ್ಪಿಗೆ ಮತ್ತೆ ಬೇಕಾ? ವರ್ನಿಯರ್ ಕ್ಯಾಲಿಪರ್‌ನಲ್ಲಿ ಪಾದದ ದಪ್ಪ ಅಳೆದರೆ ಪರೀಕ್ಷಕರು ಒಪ್ಪುತ್ತಾರಾ?

ಇನ್ನೊಂದು ವಿಷಯ. ಗೈಡ್ ಎಥನಾಲ್‌ನಲ್ಲಿ (ಆಲ್ಕೋಹಾಲ್) ತೆಗೆದ ಸಾರ ಸಾಕು ಅನ್ನುತ್ತಾರೆ. ಅಜ್ಜಿ ಬಳಸಿದ್ದು ಬರೀ ನೀರು. ಎರಡನ್ನೂ ಮಾಡಿದರೆ ಇಲಿಗಳು ಜಾಸ್ತಿ ಬೇಕು. ಮಾಡಿ ಗೊತ್ತಿದ್ದವರು ದಯವಿಟ್ಟು ತಿಳಿಸಿ.