ಖಾತೆಯ ಲಾಗಿನ್ ತಪ್ಪಿದರೂ ಫೋನ್ ತುಟಿಪಿಟಕ್ಕೆನ್ನುವುದಿಲ್ಲ, ಏಕೆ?

ಡೊಂಬಿವಲಿ_ಲೋಕಲ್:
ಹನ್ನೊಂದು ದಿನ ಒಂದೂ ಮೇಲ್ ಬರಲಿಲ್ಲ. ಯಾರೂ ಬರೆದಿಲ್ಲವೇನೋ ಎಂದುಕೊಂಡಿದ್ದೆ. ನಿನ್ನೆ ರೈಲು ಘಾಟ್‌ಕೋಪರ್ ದಾಟುವಾಗ ಆಪ್ ತೆರೆದರೆ, ಖಾತೆಯ ಹೆಸರಿನ ಕೆಳಗೆ ಎಳ್ಳುಕಾಳಿನಷ್ಟು ಅಕ್ಷರಗಳಲ್ಲಿ ಕೆಂಪು ಸಾಲು: 'ದೃಢೀಕರಣ ವಿಫಲ'. ರಾಜ್ಯೋತ್ಸವಕ್ಕೆ ಕಾದಿರಿಸಿದ್ದ ಸಭಾಂಗಣಕ್ಕೆ ಎರಡು ದಿನದೊಳಗೆ ಒಪ್ಪಿಗೆ ಕಳುಹಿಸಬೇಕಿತ್ತು, ಅದು ಕೈತಪ್ಪಿತು. ಮತ್ತೆ ಸೈನ್ ಇನ್ ಮಾಡು ಎಂದು ಫೋನ್ ಒಂದು ಮಾತು ಹೇಳಬಾರದೇ? ಸೆಟ್ಟಿಂಗ್ ಎಲ್ಲ ಸರಿಯಾಗಿದೆ.

ಕೊಥ್ರೂಡ್_ಕನ್ನಡಿಗ:
ಬ್ಯಾಟರಿ ಉಳಿತಾಯ. ಸುಮ್ಮನೆ ಬಿದ್ದಿರುವ ಫೋನಿನಲ್ಲಿ ಆಪ್‌ಗಳ ಕೆಲಸ ತಡೆಹಿಡಿಯುವ ಡೋಜ್ ಆಂಡ್ರಾಯ್ಡ್ 6ರಲ್ಲಿ ಬಂದಾಗಿನಿಂದ ಇದೇ ಗೋಳು. ಆಪ್‌ನ ಬ್ಯಾಟರಿಯನ್ನು 'ನಿರ್ಬಂಧವಿಲ್ಲ' ಎಂದು ಇಡಿ.

ಡೊಂಬಿವಲಿ_ಲೋಕಲ್:
ಇಟ್ಟೆ. ಏನೂ ಬದಲಾಗಲಿಲ್ಲ.

ಕೊಥ್ರೂಡ್_ಕನ್ನಡಿಗ:
ಹಾಗಾದರೆ ಆಟೋಸ್ಟಾರ್ಟ್, ಅಂದರೆ ಆಪ್ ತಾನಾಗಿಯೇ ಶುರುವಾಗಲು ಬಿಡುವ ಸೆಟ್ಟಿಂಗ್ ನೋಡಿ. ಬ್ಯಾಟರಿಯೇ, ಅನುಮಾನ ಬೇಡ. ನನ್ನ ಮನೆಯಲ್ಲಿ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಸ್ವಂತ ಕ್ಯಾಲೆಂಡರ್ ಸರ್ವರ್ ಇದೆ, ಯುಪಿಎಸ್ ಕೂಡ ಇದೆ. ನಾಲ್ಕು ಫೋನ್‌ಗಳನ್ನು ಜೋಡಿಸಿದ್ದೇನೆ. ನಾಲ್ಕಕ್ಕೂ ಬ್ಯಾಟರಿ ನಿರ್ಬಂಧ ತೆಗೆದ ಮೇಲೆಯೇ ಅಧಿಸೂಚನೆ ಸಮಯಕ್ಕೆ ಬಂದದ್ದು.

ಮಾಟುಂಗಾ_ಮಾಮ:
ಅಧಿಸೂಚನೆ ಎಂದರೆ ಸರ್ಕಾರ ರಾಜಪತ್ರದಲ್ಲಿ ಹೊರಡಿಸುವುದು. ಫೋನಿನಲ್ಲಿ ಬರುವುದು ಸೂಚನೆ, ಅಷ್ಟೇ.

ಕೊಥ್ರೂಡ್_ಕನ್ನಡಿಗ:
ನನ್ನ ಫೋನಿನ ಕನ್ನಡದಲ್ಲಿ ಅಧಿಸೂಚನೆ ಎಂದೇ ಇದೆ. ಕನ್ನಡದಲ್ಲಿ ಫೋನ್ ಇಟ್ಟುಕೊಂಡವರಿಗೆ ತಿಳಿಯುತ್ತದೆ.

ಮಡಗಾಂವ್_ಮಳೆ:
ಪದದ ಜಗಳ ಆಮೇಲೆ. ಇಲ್ಲಿರುವುದು ಎರಡು ಪ್ರಶ್ನೆ: ಲಾಗಿನ್ ಏಕೆ ತಪ್ಪಿತು, ತಪ್ಪಿದ್ದು ಏಕೆ ತಿಳಿಯಲಿಲ್ಲ. ಯಾವ ಖಾತೆ? ಫೋನ್ ಹಳೆಯದೋ ಹೊಸದೋ? ಪಾಸ್‌ವರ್ಡ್ ಬದಲಿಸಿದ್ದಿರಾ?

ಡೊಂಬಿವಲಿ_ಲೋಕಲ್:
ಜಿಮೇಲ್, ಬೇರೆ ಆಪ್‌ನಲ್ಲಿ ನೋಡುತ್ತೇನೆ. ಫೋನ್ ಗಣೇಶ ಚತುರ್ಥಿಗೆ ಕೊಂಡದ್ದು, ಆಂಡ್ರಾಯ್ಡ್ 14. ಗೂಗಲ್ ಪಾಸ್‌ವರ್ಡ್ ಬದಲಿಸಿದ್ದೆ, ಆದರೆ ಮೇಲ್ ಆಪ್‌ಗೆ ಕೊಟ್ಟಿದ್ದು ಆಪ್ ಪಾಸ್‌ವರ್ಡ್, ಅಂದರೆ ಬೇರೆ ಆಪ್‌ಗಳಿಗೆಂದು ಗೂಗಲ್ ಪ್ರತ್ಯೇಕವಾಗಿ ಕೊಡುವ 16 ಅಕ್ಷರದ್ದು. ಅದನ್ನು ಮುಟ್ಟಿಲ್ಲ, ಅದಕ್ಕೇ ಹೇಳಲಿಲ್ಲ.

ಮಡಗಾಂವ್_ಮಳೆ:
ಇದನ್ನು ಮೊದಲೇ ಹೇಳಬೇಕಿತ್ತು! ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಿಸಿದರೆ ಅದುವರೆಗೆ ಪಡೆದ ಆಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ಹೊಸದನ್ನು ಪಡೆಯಿರಿ. ಇನ್ನು ಮೌನದ ವಿಚಾರ. 2022ರ ಆಂಡ್ರಾಯ್ಡ್ 13ರಿಂದ, ಹೊಸದಾಗಿ ಹಾಕಿದ ಆಪ್ ಸೂಚನೆ ತೋರಿಸಲು ನಿಮ್ಮ ಅನುಮತಿ ಕೇಳಬೇಕು. ಹೊಸ ಫೋನ್ ಜೋಡಿಸುವ ಅವಸರದಲ್ಲಿ 'ಅನುಮತಿಸಬೇಡಿ' ಒತ್ತಿರುತ್ತೀರಿ. ಆಮೇಲೆ ಆಪ್ ಎಷ್ಟು ಕೂಗಿದರೂ ಪರದೆಯವರೆಗೆ ಬರುವುದಿಲ್ಲ. ಅನುಮತಿ ಕೊಟ್ಟ ಮೇಲೂ ಒಳಗಿನ ಚಾನೆಲ್‌ಗಳನ್ನು, ಅಂದರೆ ಸೂಚನೆಗಳ ವಿಭಾಗಗಳನ್ನು ನೋಡಿ: ಆಂಡ್ರಾಯ್ಡ್ 8ರಿಂದ ಹೊಸ ಮೇಲ್‌ಗೆ ಒಂದು, ದೋಷಕ್ಕೆ ಇನ್ನೊಂದು ಎಂದು ಬೇರೆ ಬೇರೆ ಇಡಬಹುದು. ಪರೀಕ್ಷಿಸಲು ಬೇಕೆಂದೇ ತಪ್ಪು ಪಾಸ್‌ವರ್ಡ್ ಹಾಕಿ ಮೇಲ್ ಎಳೆಯಿರಿ.

ಡೊಂಬಿವಲಿ_ಲೋಕಲ್:
ಅನುಮತಿ ಬಂದ್ ಆಗಿತ್ತು. ಕೊಟ್ಟೆ. ದೋಷದ ಚಾನೆಲ್ 'ಮೌನ'ದಲ್ಲಿತ್ತು, ಅದನ್ನೂ ಬದಲಿಸಿದೆ. ಕೊನೆಯ ಅಕ್ಷರ ತಪ್ಪಾಗಿ ಹಾಕಿ ಎಳೆದ ಕೂಡಲೇ ಟಣ್ ಎಂದು ಬಂತು. ಒತ್ತಿದರೆ ನೇರ ಪಾಸ್‌ವರ್ಡ್ ಪುಟ ತೆರೆಯಿತು. ಬಹಳ ಉಪಕಾರವಾಯಿತು. ಆದರೂ, ಸೂಚನೆ ನಿಷೇಧವಾಗಿದ್ದಾಗ ಆಪ್ ತೆರೆದ ತಕ್ಷಣ ಆ ಮಾತನ್ನು ಪರದೆ ತುಂಬ ಹೇಳಬೇಕು. ಎಳ್ಳುಕಾಳಿನ ಅಕ್ಷರ ಸಾಲದು.

ಕೊಥ್ರೂಡ್_ಕನ್ನಡಿಗ:
ಕೈಯಿಂದ ಎಳೆದರೆ ಬಂದೇ ಬರುತ್ತದೆ. ರಾತ್ರಿ ಫೋನ್ ಮಲಗಿದ್ದಾಗ ಬರುತ್ತದೆಯೇ ನೋಡಿ, ಆಗ ಬ್ಯಾಟರಿಯ ಮಾತು ನೆನಪಾಗುತ್ತದೆ.

ಪಣಜಿ_ಫೆರ್ರಿ:
ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಗೂಗಲ್ ಕ್ಯಾಲೆಂಡರ್ ಓದಲು ನಾನೇ ಒಂದು ಪುಟ್ಟ ಆಪ್ ಬರೆದಿದ್ದೇನೆ. ಸರಿಯಾಗಿ ಏಳು ದಿನಕ್ಕೊಮ್ಮೆ ಮತ್ತೆ ಲಾಗಿನ್ ಕೇಳುತ್ತದೆ. ಬ್ಯಾಟರಿ ನಿರ್ಬಂಧ ತೆಗೆದಾಗಿದೆ.

ಮಡಗಾಂವ್_ಮಳೆ:
ಏಳು ದಿನವೇ? ಆಪ್ ನೋಂದಾಯಿಸಿದ ಗೂಗಲ್ ಕ್ಲೌಡ್‌ನಲ್ಲಿ ಅದು ಇನ್ನೂ 'ಪರೀಕ್ಷೆ' ಸ್ಥಿತಿಯಲ್ಲಿದೆಯೇ ನೋಡಿ. ಮತ್ತೆ ಮತ್ತೆ ಲಾಗಿನ್ ಕೇಳದಂತೆ ಆಪ್ ಇಟ್ಟುಕೊಳ್ಳುವ ಗುರುತಿಗೆ ರಿಫ್ರೆಶ್ ಟೋಕನ್ ಎನ್ನುತ್ತಾರೆ; ಆ ಸ್ಥಿತಿಯಲ್ಲಿ ಅದರ ಆಯುಸ್ಸು ಅಷ್ಟೇ. ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಬರೆಯುತ್ತೇನೆ.