"ನಿಮಗೆ ಏನು ಕೆಲಸ ಬರುತ್ತೆ?" ಅಂದ್ರೆ ಏನು ಹೇಳಬೇಕು? (ಸಿಎನ್‌ಸಿ ಆಪರೇಟರ್, ತುಮಕೂರು)

ಲೇತ್ ಹುಡುಗ:
ಎಲ್ಲರಿಗೂ ನಮಸ್ಕಾರ. ಐಟಿಐ ಟರ್ನರ್ ಮುಗಿಸಿ ಮೂರು ವರ್ಷದಿಂದ ಅಂತರಸನಹಳ್ಳಿಯ ಒಂದು ಸಣ್ಣ ಶಾಪ್‌ನಲ್ಲಿ ಸಿಎನ್‌ಸಿ ಲೇತ್ (ಕಂಪ್ಯೂಟರ್ ಪ್ರೋಗ್ರಾಮ್‌ನಲ್ಲಿ ಲೋಹ ಕಡೆಯೋ ಮೆಷಿನ್) ಓಡಿಸುತ್ತಿದ್ದೇನೆ. ಮುಂದಿನ ಗುರುವಾರ ವಸಂತನರಸಾಪುರದಲ್ಲಿ ಇಂಟರ್ವ್ಯೂ ಇದೆ. ಹೋದ ತಿಂಗಳು ಇನ್ನೊಂದು ಕಡೆ ಹೋಗಿದ್ದೆ. "ನಿಮ್ಮ ಸ್ಕಿಲ್ಸ್ ಏನು?" ಅಂದರು. ಬಯೋಡೇಟಾದಲ್ಲಿ ಇದ್ದ ಹಾಗೇ ಹಾರ್ಡ್ ವರ್ಕಿಂಗ್, ಟೀಮ್ ವರ್ಕ್, ಕಲಿಯುವ ಆಸಕ್ತಿ ಅಂತ ಒಪ್ಪಿಸಿದೆ. ಅವರು ಪೆನ್ನು ಕೆಳಗಿಟ್ಟು "ಸರಿ, ಹೇಳಿ ಕಳಿಸ್ತೀವಿ" ಅಂದರು. ಇನ್ನೂ ಹೇಳಿ ಕಳಿಸಿಲ್ಲ.

ನಿಜ ಹೇಳಬೇಕು ಅಂದ್ರೆ ನಾನು ಮಾಡೋದು ಜಾಬ್ (ಕಡೆಯೋ ಪೀಸ್) ಮೆಷಿನ್‌ಗೆ ಹಾಕೋದು, ಸೈಕಲ್ ಸ್ಟಾರ್ಟ್ ಬಟನ್ ಒತ್ತೋದು, ತೆಗೆಯೋದು, ಅಷ್ಟೇ. ಇದರಲ್ಲಿ ಸ್ಕಿಲ್ ಅಂತ ಏನನ್ನು ಹೇಳಲಿ?

ಗೇಜ್ ರೂಮ್:
ತಮ್ಮಾ, ನಾನು ಕ್ವಾಲಿಟಿಯಲ್ಲಿ ಇದ್ದೇನೆ, ಆಪರೇಟರ್‌ಗಳ ಇಂಟರ್ವ್ಯೂಗೆ ನನ್ನನ್ನೂ ಕೂರಿಸುತ್ತಾರೆ. ಹಾರ್ಡ್ ವರ್ಕಿಂಗ್ ಅಂತ ಬಂದವರೆಲ್ಲ ಹೇಳುತ್ತಾರೆ, ಅದು ನಮ್ಮ ಕಿವಿಗೇ ಬೀಳೋದಿಲ್ಲ. ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರ ಹೇಳು. ಬೆಳಗ್ಗೆ ಓಕೆ ಆದ ಜಾಬ್ ಸಂಜೆವರೆಗೂ ಅದೇ ಸೈಜ್ ಬರುತ್ತಾ?

ಲೇತ್ ಹುಡುಗ:
ಎಲ್ಲಿ ಬರುತ್ತೆ ಅಣ್ಣ. ಇನ್ಸರ್ಟ್ (ಟೂಲ್ ತುದಿಯ ಕತ್ತರಿಸೋ ಬಿಲ್ಲೆ) ಸವೆದ ಹಾಗೆ ಜಾಬ್‌ನ ಹೊರಗಿನ ಡಯಾ ದಪ್ಪ ಆಗುತ್ತಾ ಹೋಗುತ್ತೆ. ನಾನು ಹತ್ತು ಜಾಬ್‌ಗೆ ಒಂದು ಸಲ ಮೈಕ್ರೋಮೀಟರ್ ಹಿಡಿಯುತ್ತೇನೆ. 0.03 ಎಂಎಂ ಜಾಸ್ತಿ ಬಂದ್ರೆ ವೇರ್ ಆಫ್‌ಸೆಟ್‌ನಲ್ಲಿ (ಸವೆತ ಸರಿ ಮಾಡೋಕೆ ಮೆಷಿನ್‌ಗೆ ಕೊಡೋ ನಂಬರ್) ಎಕ್ಸ್‌ಗೆ, ಅಂದ್ರೆ ಡಯಾಗೆ, ಮೈನಸ್ 0.03 ಹಾಕುತ್ತೇನೆ. ಆಮೇಲೂ ಫಿನಿಶ್ ಸರಿ ಬರಲಿಲ್ಲ ಅಂದ್ರೆ ಇನ್ಸರ್ಟ್ ತಿರುಗಿಸಿ ಹಾಕಿ, ಮೊದಲ ಪೀಸ್ ಮತ್ತೆ ಚೆಕ್ ಮಾಡುತ್ತೇನೆ. ಇದು ಎಲ್ಲರೂ ಮಾಡೋದೇ ಅಲ್ವಾ?

ಗೇಜ್ ರೂಮ್:
ಎಲ್ಲರೂ ಮಾಡೋದಿಲ್ಲ. ರಿಜೆಕ್ಷನ್ ಡಬ್ಬಿ ತುಂಬಿದ ಮೇಲೆ "ಸೂಪರ್‌ವೈಸರ್ ಹೇಳಲಿಲ್ಲ" ಅನ್ನೋವರನ್ನೇ ನಾನು ಜಾಸ್ತಿ ನೋಡಿದ್ದೇನೆ. ಈಗ ನನಗೆ ಬರೆದೆಯಲ್ಲ, ಇದನ್ನೇ ಅಲ್ಲೂ ಹೇಳು. "ಸೈಕಲ್ ಸ್ಟಾರ್ಟ್ ಒತ್ತುತ್ತೇನೆ" ಅಂತ ಮಾತ್ರ ಯಾವತ್ತೂ ಹೇಳಬೇಡ ಮಾರಾಯ.

ಮನೆಯಲ್ಲಿ ಕೂತು ಹೋದ ವಾರ ಮಾಡಿದ ಜಾಬ್‌ಗಳನ್ನು ನೆನಪು ಮಾಡಿಕೊಂಡು ಬರಿ. ಯಾವ ಮೆಟೀರಿಯಲ್, ಮೆಷಿನ್‌ನ ಕಂಟ್ರೋಲ್ ಯಾವ ಕಂಪನಿಯದು, ಟಾಲರೆನ್ಸ್ (ಸೈಜ್‌ನಲ್ಲಿ ಒಪ್ಪೋ ಹೆಚ್ಚು ಕಡಿಮೆ) ಎಷ್ಟು, ಯಾವುದರಲ್ಲಿ ಅಳೆದೆ, ಎಷ್ಟು ರಿಜೆಕ್ಟ್ ಆಯ್ತು, ಯಾಕೆ ಆಯ್ತು. ಜಾಬ್ ಚೆನ್ನಾಗಿ ಓಡಿದ ದಿನಕ್ಕಿಂತ ಕೆಟ್ಟ ದಿನ ಏನು ಮಾಡಿದೆ ಅನ್ನೋದನ್ನು ಸ್ವಲ್ಪ ಜಾಸ್ತಿ ಬರಿ. ಇಂಟರ್ವ್ಯೂನಲ್ಲಿ ಡ್ರಾಯಿಂಗ್ ಮುಂದಿಟ್ಟರೂ ಇಡಬಹುದು. ಅದರಲ್ಲಿ 25 ಎಚ್7 ಬೋರ್ ಅಂದ್ರೆ ತೂತಿನ ಡಯಾ 25.000ದಿಂದ 25.021 ಎಂಎಂ ಒಳಗೆ. ಅದನ್ನು 0.02 ಲೀಸ್ಟ್ ಕೌಂಟ್ ಇರೋ (ಅದಕ್ಕಿಂತ ಸಣ್ಣ ಅಳತೆ ತೋರಿಸದ) ವರ್ನಿಯರ್‌ನಲ್ಲಿ ಅಳೆಯುತ್ತೇನೆ ಅಂದ್ಯೋ, ಅಲ್ಲಿಗೆ ಕಥೆ ಮುಗಿಯಿತು. ಪ್ಲಗ್ ಗೇಜ್ (ತೂತಿಗೆ ಹಾಕಿ ನೋಡೋ ಗೇಜ್) ಅಂತ ಹೇಳು, ಇಲ್ಲಾ ಬೋರ್ ಡಯಲ್ (ತೂತಿನ ಒಳ ಅಳತೆ ತೋರಿಸೋ ಡಯಲ್ ಗೇಜ್) ಅಂತ ಹೇಳು. ಪ್ಲಗ್ ಗೇಜ್‌ನ ಗೋ ತುದಿ ತೂತಿನೊಳಗೆ ಹೋಗಬೇಕು, ನೋ ಗೋ ತುದಿ ಹೋಗಬಾರದು.

ಮಂಡಿ ಲೆಕ್ಕ:
ನನ್ನದು ಮೆಷಿನ್ ಲೈನ್ ಅಲ್ಲ, ಆದರೂ ಬರೆಯುತ್ತೇನೆ. ಬಿಕಾಂ ಆದ ಮೇಲೆ ಕೋಲಾರ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಆಮೇಲೆ ಒಂದು ಗೋಡೌನ್ ಕೆಲಸಕ್ಕೆ ಇಂಟರ್ವ್ಯೂಗೆ ಹೋದಾಗ "ಮಂಡಿಯಲ್ಲಿದ್ದೆ" ಅನ್ನೋಕೇ ನಾಚಿಕೆ ಆಗಿ ಟ್ಯಾಲಿ ಬರುತ್ತೆ ಅಂತಷ್ಟೇ ಹೇಳಿದೆ. ಅವರು ಬಿಡಲಿಲ್ಲ, ಮಂಡಿಯಲ್ಲಿ ಏನು ಮಾಡ್ತಿದ್ರಿ ಅಂತ ಕೆದಕಿದರು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, ಆಗಿನ ದಿನಗಳನ್ನು ಹೇಳಿದೆ. ಹರಾಜು ಮುಗಿಯುತ್ತಿದ್ದ ಹಾಗೇ ಒಬ್ಬೊಬ್ಬ ರೈತರ ಬಾಕ್ಸ್ ಎಣಿಸಿ, ಒಂದೇ ರೈತರದ್ದು ಮೂರು ರೇಟಿಗೆ ಹೋಗಿದ್ದರೆ ಬೇರೆ ಬೇರೆ ಬರೆದು, ಬಾಡಿಗೆ, ಹಮಾಲಿ ಲೆಕ್ಕ ಹಾಕಿ, ಸಂಜೆ ಕ್ಯಾಶ್ ತಾಳೆ ಆಗೋವರೆಗೂ ಎದ್ದೇಳುತ್ತಿರಲಿಲ್ಲ ಅಂತ. ಒಂದು ದಿನ ಎರಡು ಬಾಕ್ಸ್ ವ್ಯತ್ಯಾಸ ಬಂದಿದ್ದು, ಲಾರಿ ಲೋಡಿಂಗ್ ಚೀಟಿಯಲ್ಲಿ ಅದನ್ನು ಹುಡುಕಿದ್ದು ಕೂಡ ಹೇಳಿದೆ. ಕೆಲಸ ಸಿಕ್ಕಿತು. ನಾವು ದಿನಾ ಮಾಡೋದು ನಮಗೆ ಸ್ಕಿಲ್ ಅಂತ ಕಾಣೋದೇ ಇಲ್ಲ, ಅದೇ ತೊಂದರೆ.

ನೈಟ್ ಶಿಫ್ಟ್:
ಮೇಲಿನವರು ಹೇಳಿದ್ದು ಸರಿ, ಆದರೆ ಉಬ್ಬಿಸೋಕೆ ಹೋಗಬೇಡಿ. ನಾನು ಉಬ್ಬಿಸಿ ಕೆಟ್ಟವನು. ಪ್ರೋಗ್ರಾಮಿಂಗ್ ಬರುತ್ತೆ ಅಂದೆ. ಹಾಳೆ ಕೊಟ್ಟು ಥ್ರೆಡಿಂಗ್‌ಗೆ ಜಿ76 ಸೈಕಲ್ (ಸ್ಕ್ರೂ ಎಳೆ ಕಡೆಯೋ ಪ್ರೋಗ್ರಾಮ್ ಕೋಡ್) ಬರಿ ಅಂದರು. ಮೆಷಿನ್‌ನಲ್ಲಿ ಇದ್ದ ಪ್ರೋಗ್ರಾಮ್‌ನಲ್ಲಿ ನಂಬರ್ ಬದಲಾಯಿಸಿದ್ದೆ ಅಷ್ಟೇ, ಪೂರ್ತಿ ಬರೆದೇ ಇರಲಿಲ್ಲ. ಎಸಿ ರೂಮಿನಲ್ಲಿ ಬೆವರಿದೆ. ಈಗ ನನ್ನ ನೋಟ್‌ಬುಕ್‌ನಲ್ಲಿ ಒಬ್ಬನೇ ಮಾಡಬಲ್ಲೆ ಅನ್ನೋದು ಒಂದು ಪುಟ, ಯಾರಾದ್ರೂ ಪಕ್ಕದಲ್ಲಿದ್ದರೆ ಮಾಡುತ್ತೇನೆ ಅನ್ನೋದು ಇನ್ನೊಂದು ಪುಟ. ಸುಮ್ನೆ ನೋಡಿದ್ದನ್ನು ಬರೆಯೋದೇ ಇಲ್ಲ.

ಲೇತ್ ಹುಡುಗ:
ಹಾಗಾದ್ರೆ ಸಾಫ್ಟ್ ಜಾ (ಜಾಬ್ ಹಿಡಿಯೋ ಮೆತ್ತನೆ ಲೋಹದ ದವಡೆ) ಬೋರ್ ಮಾಡೋದು, ಟೂಲ್ ಆಫ್‌ಸೆಟ್ (ಟೂಲ್ ತುದಿ ಎಲ್ಲಿದೆ ಅಂತ ಮೆಷಿನ್‌ಗೆ ಕೊಡೋ ಅಳತೆ) ತೆಗೆಯೋದು ಮೊದಲ ಪುಟಕ್ಕೆ ಬರುತ್ತೆ. ಜಿ76 ನಂದೂ ಎರಡನೇ ಪುಟವೇ, ನಂಬರ್ ಬದಲಾಯಿಸಿದ್ದೇನೆ ಅಷ್ಟೇ. ಬೋರ್ ಡಯಲ್ ನಮ್ಮ ಶಾಪ್‌ನಲ್ಲಿ ಇಲ್ಲ ಅಣ್ಣ, ಪ್ಲಗ್ ಗೇಜ್ ಮಾತ್ರ ಇದೆ.

ಗೇಜ್ ರೂಮ್:
ಇಲ್ಲ ಅಂತಲೇ ಹೇಳು, ಅದರಲ್ಲಿ ತಪ್ಪೇನೂ ಇಲ್ಲ. ಇನ್ನೊಂದು ಮಾತು. ಅಲ್ಲಿ ಮೈಕ್ರೋಮೀಟರ್ ಕೈಗೆ ಕೊಟ್ಟರೆ ಸೀದಾ ಅಳೆಯೋಕೆ ಹೋಗಬೇಡ. ಒರೆಸಿ, ಮೊದಲು ಝೀರೋ ಸರಿ ಇದೆಯಾ ನೋಡು. ನಾನಂತೂ ಅದನ್ನೇ ಗಮನಿಸೋದು.